ನಲವತ್ನಾಲ್ಕು ಮಿಲಿಮೀಟರು

ಬ್ರಾಡ್‌ಬೀಚ್, ಗೋಲ್ಡ್ ಕೋಸ್ಟ್
೧೧ ಮೇ ೨೦೨೪, ಶನಿವಾರ

ಪ್ರೀತಿಯ ಲಿತಿಯಾ,

ನೀನೂ ಮನೆಯವರೂ ಸೌಖ್ಯವಾಗಿದ್ದೀರಿ ಎಂದು ನಂಬಿ ಈ ಕಾಗದ ಶುರುಮಾಡುತ್ತಿದ್ದೇನೆ. ನಿನ್ನ ಮೂರು ಕಾಗದಗಳು ನನ್ನ ಮೇಜಿನ ಮೇಲಿವೆ. ಮೊದಲನೆಯದು ಬಂದಾಗ ಕೆಲಸದ ಒತ್ತಡ ಎಂದುಕೊಂಡು ಸುಮ್ಮನಾದೆ. ಎರಡನೆಯದು ಬಂದಾಗ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದೆ, ಅದು ನೆಪವಾಯಿತು. ಮೂರನೆಯದು ಬಂದು ಏಳು ವಾರವಾಯಿತು. ಅದಕ್ಕೆ ನೆಪ ಸಿಕ್ಕಲಿಲ್ಲ. ಅದರಲ್ಲಿ ನೀನು ನನ್ನ ಕ್ಷೇಮ ಕೇಳಿಲ್ಲ, ಬೈದೂ ಇಲ್ಲ. ಒಂದೇ ಮಾತು ಬರೆದಿದ್ದೀಯ: "ಮರ್ಲ್, ನಮ್ಮ ಅಪಿ ಅಂಥ ತಪ್ಪು ಮಾಡೋನಾ? ಹೌದು ಅಥವಾ ಇಲ್ಲ ಅಂತ ಬರಿ, ಸಾಕು."

ಒಂದು ಪದದಲ್ಲಿ ಮುಗಿಯುವ ಉತ್ತರವನ್ನು ಬರೆಯಲಾರದೆ ಈಗ ಹಾಳೆಗಟ್ಟಲೆ ಬರೆಯಲು ಕೂತಿದ್ದೇನೆ. ಕ್ಷಮಿಸು.

ಮೊದಲು ಇಲ್ಲಿಯ ಸುದ್ದಿ. ನನ್ನ ಎಡ ಮೊಣಕಾಲು ಈಗ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಮುಂದಿನ ವರ್ಷ ಕೆಲಸ ಬಿಡುತ್ತೇನೆ. ನಮ್ಮ ಕಚೇರಿಯ ಯಜಮಾನ ಗಾರ್ತ್ ವೈಲ್ಡಿ ಮಾರ್ಚ್ ತಿಂಗಳಲ್ಲಿ ತೀರಿಕೊಂಡ. ಬೆಳಿಗ್ಗೆ ಸಮುದ್ರದಲ್ಲಿ ಈಜಿ ಬಂದು ಮರಳ ಮೇಲೆ ಕೂತವನು ಏಳಲೇ ಇಲ್ಲವಂತೆ. ನೀನು ಅವನನ್ನು ನೋಡಿಲ್ಲ, ಆದರೆ ಅವನ ಬಾಯಿಯ ಕಥೆಗಳನ್ನು ಅಪಿ ನಿನಗೆ ಹೇಳಿರಬೇಕು. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಈ ಕಾಗದದಲ್ಲಿ ಆ ನಿಯಮ ಪಾಲಿಸಲು ಆಗುವುದಿಲ್ಲ.

ಅಪಿಯನ್ನು ನೀನು ನನ್ನ ಬಳಿ ಕಳಿಸಿದ್ದು ೨೦೧೧ರಲ್ಲಿ. ನಿಮ್ಮ ದ್ವೀಪದೇಶದ ನಾಂದಿ ವಿಮಾನ ನಿಲ್ದಾಣದಿಂದ ಫೋನು ಮಾಡಿ ನೀನು ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ನನ್ನ ಅಕ್ಕನ ಮಗ ಅಂದ್ರೆ ನನ್ನ ಮಗನೇ. ಇನ್ಮೇಲೆ ನಿನ್ನ ಮಗನೂ ಹೌದು. ತಪ್ಪು ಮಾಡಿದ್ರೆ ಕಿವಿ ಹಿಂಡು, ಆದ್ರೆ ಜನರ ಮುಂದೆ ಬೇಡ, ನಾಚಿಕೆ ಸ್ವಭಾವ." ಬ್ರಿಸ್ಬೇನ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಎರಡು ವರ್ಷ ಕಳೆದವರು ನಾವು. ನಿನ್ನ ಮಾತನ್ನು ನಾನು ತೆಗೆದುಹಾಕುವ ಹಾಗಿರಲಿಲ್ಲ. ಅವನನ್ನು ನನ್ನ ಪಕ್ಕದ ಮೇಜಿನಲ್ಲೇ ಕೂರಿಸಿಕೊಂಡೆ. ಅಪೆನೀಸ ಎಂಬ ಹೆಸರನ್ನು ಕಚೇರಿಯವರು ಎರಡೇ ದಿನದಲ್ಲಿ ಅಪಿ ಮಾಡಿದರು. ನನ್ನನ್ನು ಎಲ್ಲರೂ ಹೆಸರು ಹಿಡಿದು ಕರೆಯುವ ಕಡೆ ಅವನೊಬ್ಬ "ಮರ್ಲ್ ಆಂಟಿ" ಎನ್ನುತ್ತಿದ್ದ. ಶುಕ್ರವಾರಗಳಲ್ಲಿ ಮರಗೆಣಸಿನ ಕೇಕು ಮಾಡಿಕೊಂಡು ಬಂದು ಮೊದಲ ತುಂಡು ನನ್ನ ಮೇಜಿಗೆ ಇಡುತ್ತಿದ್ದ.

ಎರಡು ವರ್ಷದ ನಂತರ ಕೊರೆಲ್ಲಾ ಟವರ್ ನಮ್ಮ ಕೈಗೆ ಬಂತು. ಸಮುದ್ರದ ಎದುರಿಗೆ ಐವತ್ತೆರಡು ಮಹಡಿಯ ವಸತಿ ಕಟ್ಟಡ. ನೀನು ಎರಡನೇ ವರ್ಷಕ್ಕೇ ಎಂಜಿನಿಯರಿಂಗ್ ಬಿಟ್ಟು ಮಕ್ಕಳಿಗೆ ಗಣಿತ ಹೇಳಿಕೊಡಲು ಹೋದವಳು, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಕಲ್ಲಲ್ಲ. ಒಣಗುತ್ತಾ ಕುಗ್ಗುತ್ತದೆ. ಭಾರ ಹೊತ್ತು ನಿಂತಷ್ಟು ಕಾಲವೂ ಕೂದಲೆಳೆಯಷ್ಟಷ್ಟು ತಗ್ಗುತ್ತಲೇ ಹೋಗುತ್ತದೆ, ವರ್ಷಗಟ್ಟಲೆ. ಎಲ್ಲವೂ ಒಂದೇ ಸಮ ತಗ್ಗಿದರೆ ಯಾರಿಗೂ ತಿಳಿಯುವುದೇ ಇಲ್ಲ. ಕೊರೆಲ್ಲಾದ ದಕ್ಷಿಣ ಮುಖದಲ್ಲಿ ಲಿಫ್ಟಿನ ದಪ್ಪ ಗೋಡೆ ಹೊರಗಿನ ಅಂಚಿನವರೆಗೂ ಬಂದಿತ್ತು. ಅದರಿಂದ ಮೂರು ಮೀಟರಿನ ಆಚೆ ಒಂದು ತೆಳುವಾದ ಕಂಬ. ಅಗಲ ಗೋಡೆಗೆ ಹಗುರ ಭಾರ, ಸಣ್ಣ ಕಂಬಕ್ಕೆ ಹೊರಬಲ್ಲಷ್ಟೂ ಭಾರ. ಗೋಡೆ ಹಾಗೇ ನಿಲ್ಲುತ್ತದೆ, ಕಂಬ ಇಳಿಯುತ್ತದೆ. ಅವೆರಡರ ನಡುವೆ ನೆಲದಿಂದ ಸೂರಿನವರೆಗೆ ಗಾಜು.

ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವ ಕೆಲಸ ಅಪಿಯದು. ನಮ್ಮಲ್ಲಿ ಬಹಳ ಮಂದಿ ಇಡೀ ಕಟ್ಟಡ ಒಂದೇ ಗಳಿಗೆಯಲ್ಲಿ ಎದ್ದು ನಿಂತಿತು ಎಂದು ತಿಳಿದು ಲೆಕ್ಕ ಮಾಡಿ ಮುಗಿಸುತ್ತಿದ್ದೆವು. ಅವನು ಹಾಗೆ ಮಾಡಲಿಲ್ಲ. ತಂತ್ರಾಂಶದಲ್ಲಿ ವಾರಕ್ಕೊಂದು ಮಹಡಿಯಂತೆ ಕಟ್ಟಡವನ್ನು ಕಟ್ಟುತ್ತಾ ಹೋದ. ಪ್ರತಿ ಕಂಬಕ್ಕೂ ಹುಟ್ಟಿದ ದಿನ ಕೊಟ್ಟ. ಏಳು ದಿನದ ಹಸಿ ಕಂಬದ ಮೇಲೆ ಮುಂದಿನ ಮಹಡಿಯ ಭಾರ ಕೂತರೆ ಏನಾಗುತ್ತದೆ, ಮೂವತ್ತು ವರ್ಷದ ಮೇಲೆ ಏನಾಗಿರುತ್ತದೆ ಎಂದು ಪರದೆಯ ಮೇಲೆ ತೋರಿಸಿದ. ಒಂದು ಸಲ ಲೆಕ್ಕ ಓಡಿಸಿದರೆ ಆರು ಗಂಟೆ ಹಿಡಿಯುತ್ತಿತ್ತು. ಉತ್ತರ ಬಂತು: ಮೂವತ್ತೊಂದನೇ ಮಹಡಿಯಲ್ಲಿ ಕಂಬವು ಗೋಡೆಗಿಂತ ನಲವತ್ನಾಲ್ಕು ಮಿಲಿಮೀಟರು ಕೆಳಗೆ ಇಳಿಯುತ್ತದೆ. ಗಾಜಿನ ಚೌಕಟ್ಟು ತಾಳುವುದು ಇಪ್ಪತ್ತೈದು.

ದಾರಿ ಇಲ್ಲದೆ ಇರಲಿಲ್ಲ. ಆ ಸಾಲಿನ ಕಂಬಗಳನ್ನು ದಪ್ಪ ಮಾಡಬೇಕು. ಹಾಗೆ ಮಾಡಿದರೆ ನೆಲಮಾಳಿಗೆಯಲ್ಲಿ ನಾಲ್ಕು ಕಾರು ನಿಲ್ಲಿಸುವ ಜಾಗ ಹೋಗುತ್ತದೆ. ಗಾರ್ತ್ ಸಭೆ ಕರೆದ. ಆರು ಜನ ಇದ್ದೆವು.

"ಏನಪ್ಪಾ ಪ್ರವಾದಿ, ಕಟ್ಟಡ ಮುಳುಗುತ್ತಂತೆ?" ಎಂದು ಗಾರ್ತ್ ಶುರುಮಾಡಿದ.

"ಮುಳುಗಲ್ಲ ಸರ್. ಒಂದು ಕಡೆ ತಗ್ಗುತ್ತೆ."

"ನಿಮ್ಮೂರಲ್ಲಿ ಎತ್ತರದ ಕಟ್ಟಡ ಅಂದ್ರೆ ತೆಂಗಿನಮರ ತಾನೇ? ಅದು ತಗ್ಗಿದ್ದು ನೋಡಿದೀಯಾ?"

ಎಲ್ಲರೂ ನಕ್ಕರು. ಅಪಿಯೂ ನಕ್ಕ. ಅವನು ಹಾಗೆಯೇ ಅಲ್ಲವೇ, ತನ್ನನ್ನು ಹೀಯಾಳಿಸಿದರೆ ಜೊತೆಗೆ ನಗುತ್ತಾನೆ. ಆಮೇಲೆ ಗಾರ್ತ್ ನನ್ನ ಕಡೆ ತಿರುಗಿ, "ಮರ್ಲ್, ನೀನು ಕೈಯಲ್ಲಿ ಲೆಕ್ಕ ಹಾಕಿದ್ಯಲ್ಲ, ಎಷ್ಟು ಬಂತು?" ಎಂದ. ನನ್ನ ಹಾಳೆಯಲ್ಲಿ ಇಪ್ಪತ್ತೆಂಟು ಇತ್ತು. ಇಪ್ಪತ್ತೆಂಟಾದರೆ ಚೌಕಟ್ಟಿನವರ ಜೊತೆ ಮಾತಾಡಿ ಸರಿಮಾಡಿಕೊಳ್ಳಬಹುದಿತ್ತು.

ಅಪಿ ನನ್ನ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದ. ತಗ್ಗಿದ ದನಿಯಲ್ಲಿ ಹೇಳಿದ: "ಆಂಟಿ ಸಮುದ್ರದ ತೇವದ ಗಾಳಿ ಅಂತ ತಗೊಂಡಿದಾರೆ. ಹೊರಗಡೆ ಅದು ಸರಿ. ಆದ್ರೆ ಈ ಕಂಬಗಳು ಮನೆ ಒಳಗಿರೋದು. ವರ್ಷವಿಡೀ ಏಸಿ ಹಾಕ್ತಾರೆ. ಒಳಗಿನ ಗಾಳಿ ಮರುಭೂಮಿ ಥರ ಒಣಗಿರುತ್ತೆ, ಕಾಂಕ್ರೀಟು ಜಾಸ್ತಿ ಕುಗ್ಗುತ್ತೆ."

ಗಾರ್ತ್ ಮೇಜು ಬಡಿದು ಬಡಿದು ನಕ್ಕ. "ಅಂದ್ರೆ ಮೂವತ್ತು ವರ್ಷದಿಂದ ನೀನು ಕಿಟಕಿ ತೆಗೆದಿಟ್ಕೊಂಡೇ ಲೆಕ್ಕ ಹಾಕ್ತಿದ್ದೀಯಾ ಮರ್ಲ್!"

ನಾನೂ ನಕ್ಕೆ, ಲಿತಿಯಾ. ಆ ಮೇಜಿನ ಸುತ್ತ ನನ್ನನ್ನು ನೋಡಿ ಜನ ನಕ್ಕದ್ದು ಅದೇ ಮೊದಲು. ಸಭೆ ಮುಗಿದ ಮೇಲೆ ಅವನು ನನ್ನ ಹಿಂದೆಯೇ ಬಂದು, "ಆಂಟಿ, ನಾನು ಮೊದಲೇ ನಿಮಗೊಬ್ಬರಿಗೇ ಹೇಳ್ಬೇಕಿತ್ತು. ಹಾಳೆ ಅಲ್ಲೇ ನೋಡಿದ್ದು, ತಪ್ಪು ತಿಳ್ಕೋಬೇಡಿ" ಎಂದ. "ಅಯ್ಯೋ ಹೋಗೋ, ನೀನು ಹೇಳಿದ್ದೇ ಸರಿ" ಎಂದು ಅವನ ಭುಜ ತಟ್ಟಿದೆ.

ಇದಾಗಿ ಒಂಬತ್ತನೇ ದಿನಕ್ಕೆ ನಿನ್ನ ಭಾವ, ಅಪಿಯ ಅಪ್ಪ, ತೀರಿಕೊಂಡರು. ಗುರುವಾರ ಮಧ್ಯಾಹ್ನ ನೀನು ಅವನಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅವನು ಫೋನು ಕಿವಿಗಿಟ್ಟುಕೊಂಡೇ ನೆಲದ ಮೇಲೆ ಕೂತುಬಿಟ್ಟ. ಆ ಸಂಜೆಯ ವಿಮಾನಕ್ಕೆ ಟಿಕೆಟು ಮಾಡಿಸಿದವಳು ನಾನೇ. ಮೂರು ಗಂಟೆಗೆ ಟ್ಯಾಕ್ಸಿ ಹತ್ತಿಸುವಾಗ ಅವನು ಒಂದು ಹಳದಿ ಚೀಟಿ ನನ್ನ ಕೈಗಿಟ್ಟ. ಅವನ ಕಂಪ್ಯೂಟರಿನ ಪಾಸ್‌ವರ್ಡು. "ಕೊರೆಲ್ಲಾದು ಏನಾದ್ರೂ ಬೇಕಾಗ್ಬಹುದು ಆಂಟಿ. ನಿಮ್ಮ ಹತ್ರ ಇರ್ಲಿ."

ಸಂಜೆ ಗಾರ್ತ್ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತ. "ಸೋಮವಾರ ಕಟ್ಟಡದ ಮಾಲೀಕ ಬರ್ತಾನೆ. ಅಷ್ಟರೊಳಗೆ ಆ ನಲವತ್ನಾಲ್ಕು ಇಪ್ಪತ್ತೈದರ ಕೆಳಗೆ ಇಳಿದಿರ್ಬೇಕು. ಹೇಗೆ ಅಂತ ನನಗೆ ಹೇಳ್ಬೇಡ" ಎಂದ. ನನಗೂ ಆಗ ಐವತ್ತೊಂದು ವಯಸ್ಸು, ಮನೆಯ ಸಾಲ ಇನ್ನೂ ತೀರಿರಲಿಲ್ಲ. ಅಪಿಯ ಮೇಜಿಗೆ ಹೋಗಿ ಕೂತೆ. ತಂತ್ರಾಂಶದಲ್ಲಿ ಗಾಳಿ ಎಂಥದು ಎಂದು ಆರಿಸಲು ಒಂದು ಪಟ್ಟಿ ಇದೆ. "ಒಣ" ಎಂದಿದ್ದನ್ನು "ಸಮುದ್ರತೀರ" ಮಾಡಿದೆ. ಭಾರ ಬೀಳುವಾಗ ಕಂಬದ ವಯಸ್ಸು ಏಳು ದಿನ ಎಂದು ಇದ್ದುದನ್ನು ಇಪ್ಪತ್ತೆಂಟು ದಿನ ಮಾಡಿದೆ. ಐದು ಗಂಟೆ ಹನ್ನೆರಡು ನಿಮಿಷಕ್ಕೆ ಅವನ ಹೆಸರಿನಲ್ಲೇ ಉಳಿಸಿ, ಲೆಕ್ಕ ಓಡಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಉತ್ತರ ಇಪ್ಪತ್ನಾಲ್ಕು.

ಇಷ್ಟು ಬರೆದು ಎದ್ದುಹೋಗಿದ್ದೆ. ಈಗ ಭಾನುವಾರ. ಎದುರುಮನೆಯ ಮಕ್ಕಳು ತಾಯಂದಿರ ದಿನವೆಂದು ಅವರಮ್ಮನಿಗೆ ಸುಟ್ಟ ಬ್ರೆಡ್ಡು ತಿನ್ನಿಸುತ್ತಿದ್ದಾರೆ. ನೀನು ಇಲ್ಲಿಯವರೆಗೆ ಓದಿ ಕಾಗದ ಎಸೆದಿದ್ದರೆ ಎತ್ತಿಕೋ. ಇನ್ನೂ ಇದೆ.

ಅವನು ಹನ್ನೆರಡು ದಿನದ ಮೇಲೆ ಬಂದ. ತಾವೆಯುನಿ ದ್ವೀಪದಲ್ಲಿ ಊರವರೆಲ್ಲ ಚಾಪೆ ತಂದು ಹಾಸಿದ್ದು, ಕಾವಾ ಬೇರಿನ ಪಾನೀಯದ ಬಟ್ಟಲು ಸುತ್ತು ಬಂದದ್ದು, ನೀನು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಎಲ್ಲವನ್ನೂ ನನಗೆ ಹೇಳಿದ. ತೆಳ್ಳಗಾಗಿದ್ದ. ಸಹಿಗೆಂದು ವರದಿ ಅವನ ಮೇಜಿನ ಮೇಲಿತ್ತು. ಪುಟ ತಿರುವುತ್ತಾ ಹೋದವನು ಒಂದು ಕಡೆ ನಿಂತ.

"ಆಂಟಿ, ಇಲ್ಲಿ ಇಪ್ಪತ್ನಾಲ್ಕು ಅಂತಿದೆ."

"ಹೌದು. ನೀನೇ ಅಲ್ವಾ ಇಳಿಸಿದ್ದು?"

"ನಾನಾ?"

"ಹೊರಡೋ ದಿನ. ಟ್ಯಾಕ್ಸಿ ಹತ್ತಿದೋನು ಏನೋ ಬಿಟ್ಟೆ ಅಂತ ವಾಪಸ್ ಬಂದ್ಯಲ್ಲ? ಕೂತು ಏನೋ ತಿದ್ದಿದೆ. ನನ್ನ ಲೆಕ್ಕ ಅತಿಯಾಯ್ತು ಆಂಟಿ ಅಂದೆ. ಅಳ್ತಿದ್ದೆ, ಪಾಪ. ನಾನು ಜಾಸ್ತಿ ಕೇಳೋಕೆ ಹೋಗ್ಲಿಲ್ಲ."

ಅವನು ನನ್ನ ಮುಖ ನೋಡಿದ. ಆ ನೋಟ ನೀನು ನೋಡಿದ್ದೀಯ, ಚಿಕ್ಕಂದಿನಿಂದ. ಅವನಿಗೆ ಅನುಮಾನ ಬಂದದ್ದು ನನ್ನ ಮೇಲಲ್ಲ. "ನನಗೆ ಆ ದಿನದ್ದು ಏನೂ ನೆನಪಿಲ್ಲ ಆಂಟಿ. ಚಿಕ್ಕಮ್ಮನ ಫೋನು ಬಂದಿದ್ದು ಗೊತ್ತು, ವಿಮಾನ ಇಳಿದಿದ್ದು ಗೊತ್ತು" ಎಂದ.

"ದುಃಖದಲ್ಲಿ ಹಾಗೇ ಆಗುತ್ತೆ. ನಮ್ಮಪ್ಪ ಹೋದಾಗ ನಾನು ಕಾರು ಎಲ್ಲಿ ನಿಲ್ಸಿದೀನಿ ಅಂತ ಮೂರು ದಿನ ಮರೆತಿದ್ದೆ."

ಅದು ಸುಳ್ಳು. ನಮ್ಮಪ್ಪ ಸತ್ತಾಗ ನಾನು ಏನನ್ನೂ ಮರೆತಿರಲಿಲ್ಲ.

"ಇನ್ನೊಂದ್ಸಲ ಓಡಿಸಿ ನೋಡ್ಲಾ?" ಎಂದು ಕೇಳಿದ. "ಮಾಲೀಕ ಸೋಮವಾರವೇ ನೋಡಿ ಒಪ್ಪಿದಾನೆ. ಈಗ ಮತ್ತೆ ತೆಗೆದ್ರೆ ಗಾರ್ತ್ ಎದುರು ನಿನಗೇ ಕಷ್ಟ" ಎಂದೆ. ಅಷ್ಟರಲ್ಲಿ ಗಾರ್ತ್ ಆ ದಾರಿಯಲ್ಲಿ ಹೋಗುತ್ತಿದ್ದವನು, "ಏನು ಪ್ರವಾದಿ, ಪ್ರವಾದನೆ ವಾಪಸ್ ತಗೊಂಡ್ಯಂತೆ?" ಎಂದು ಕೂಗಿದ. ಅಪಿ ತಲೆ ತಗ್ಗಿಸಿ ಸಹಿ ಹಾಕಿದ. ಅದರ ಕೆಳಗೆ ಪರಿಶೀಲಿಸಿದವಳು ಎಂದು ನನ್ನ ಸಹಿ.

ಕೊರೆಲ್ಲಾ ಎದ್ದಿತು. ೨೦೧೭ರಲ್ಲಿ ಜನ ಬಂದು ಸೇರಿಕೊಂಡರು. ಎರಡನೇ ವರ್ಷಕ್ಕೆ ದೂರುಗಳು ಶುರುವಾದವು. ದಕ್ಷಿಣ ಮೂಲೆಯ ಮನೆಗಳಲ್ಲಿ ಬಾಗಿಲು ಹಿಡಿಯುತ್ತದೆ, ನೆಲದ ಟೈಲ್ಸು ಟಪ್ಪೆಂದು ಏಳುತ್ತದೆ. ಮೂವತ್ತನೇ ಮಹಡಿಯ ನಿವೃತ್ತ ಮುದುಕನೊಬ್ಬ ಅಡುಗೆಮನೆಯಲ್ಲಿ ಗಾಲ್ಫ್ ಚೆಂಡು ಇಟ್ಟು, ಅದು ತಾನೇ ಉರುಳಿಕೊಂಡು ಕಿಟಕಿಗೆ ಹೋಗುವುದನ್ನು ವಿಡಿಯೋ ಮಾಡಿ ಕಳಿಸಿದ. ಗಾರ್ತ್ ಅದನ್ನು ಎಲ್ಲರಿಗೂ ತೋರಿಸಿ, "ಮುದುಕನಿಗೆ ಕೊನೆಗೂ ಒಂದು ಚೆಂಡು ನೇರ ಹೋಯ್ತು" ಎಂದು ನಗಿಸಿದ. ನಾನು ಆ ವಿಡಿಯೋ ಒಬ್ಬಳೇ ಮೂರು ಸಲ ನೋಡಿದೆ. ಮಾರನೆಯ ದಿನ ಅಪಿಯೇ ಹೋಗಿ ಆ ಮಹಡಿಯಲ್ಲಿ ಅಳತೆ ಮಾಡಿ ಬಂದ. "ಇಪ್ಪತ್ತೊಂಬತ್ತು ಆಗಿದೆ ಆಂಟಿ, ಈಗ್ಲೇ. ಚೌಕಟ್ಟುಗಳನ್ನ ಬಿಚ್ಚಿಸ್ಬೇಕು" ಎಂದ. ನಾನು ಗಾರ್ತ್‌ಗೆ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಿದರೆ ಹಳೆಯ ಕಡತ ತೆರೆಯಬೇಕಾಗುತ್ತಿತ್ತು. ಅವನು ತಿಂಗಳಿಗೊಮ್ಮೆ ಕೇಳುತ್ತಿದ್ದ, ನಾನು ತಿಂಗಳಿಗೊಮ್ಮೆ "ಹೇಳಿದೀನಪ್ಪಾ" ಎನ್ನುತ್ತಿದ್ದೆ.

೨೦೨೧ರ ಆಗಸ್ಟ್‌ನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮೂವತ್ತೊಂದನೇ ಮಹಡಿಯ ಗಾಜು ಸಿಡಿಯಿತು. ಕೆಳಗೆ ಟೆಗನ್ ಎಂಬ ಇಪ್ಪತ್ತಾರು ವರ್ಷದ ಹುಡುಗಿ ತನ್ನ ಕೇಶಾಲಂಕಾರದ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಶಬ್ದ ಕೇಳಿ ಬಲಗೈ ತಲೆಯ ಮೇಲೆ ಹಿಡಿದುಕೊಂಡಳಂತೆ. ತಲೆ ಉಳಿಯಿತು. ಕೈಯ ನರಗಳು ಮಣಿಕಟ್ಟಿನಲ್ಲಿ ಕತ್ತರಿಸಿಹೋದವು. ಮೂರು ಶಸ್ತ್ರಚಿಕಿತ್ಸೆ ಆದ ಮೇಲೂ ಮೂರು ಬೆರಳು ಮಡಚಲು ಬರುವುದಿಲ್ಲ. ಕತ್ತರಿ ಹಿಡಿಯುವ ಕೈ ಅದು.

ವಿಮೆಯವರು ಮೆಲ್ಬರ್ನಿನ ತಜ್ಞರಿಂದ ಕಡತಗಳನ್ನು ತೆಗೆಸಿದರು. ಅವರಿಗೆ ಅರ್ಧ ದಿನ ಸಾಕಾಯಿತು. ಗಾಳಿ ತಪ್ಪು, ಕಂಬದ ವಯಸ್ಸು ತಪ್ಪು, ಉಳಿಸಿದವನ ಹೆಸರು ಇದು, ಹೊತ್ತು ಇದು. ವಿಚಾರಣಾ ಸಮಿತಿಯ ಮುಂದೆ ಅಪಿ ಅಪ್ಪನ ಶವಸಂಸ್ಕಾರಕ್ಕೆ ಹೊಲಿಸಿದ್ದ ಕಪ್ಪು ಕೋಟು ಹಾಕಿಕೊಂಡು ಬಂದ. ಐದು ಗಂಟೆ ಹನ್ನೆರಡು ನಿಮಿಷಕ್ಕೆ ನೀವು ಎಲ್ಲಿದ್ದಿರಿ ಎಂದು ಕೇಳಿದರು. ನೆನಪಿಲ್ಲ ಎಂದ. ವಿಮಾನ ಎಂಟು ಗಂಟೆಗೆ, ಇಲ್ಲಿಂದ ಬ್ರಿಸ್ಬೇನಿಗೆ ಒಂದೂಕಾಲು ಗಂಟೆ, ಹಾಗಿದ್ದರೆ ಆ ಹೊತ್ತಿಗೆ ಕಚೇರಿಯಲ್ಲಿ ಇದ್ದಿರಬಹುದಲ್ಲವೇ ಎಂದರು. ಇದ್ದಿರಬಹುದು ಎಂದ. ಅಳತೆಯ ವಿಷಯ ನನಗೆ ತಿಂಗಳಿಗೊಮ್ಮೆ ಹೇಳುತ್ತಿದ್ದುದನ್ನು ಅವನು ಅಲ್ಲಿ ಎತ್ತಲೇ ಇಲ್ಲ.

ಆಮೇಲೆ ನನ್ನನ್ನು ಕೇಳಿದರು. ಅವರು ವಾಪಸ್ ಬಂದದ್ದನ್ನು ನೀವು ನೋಡಿದಿರಾ?

"ನೋಡಿದೆ" ಎಂದೆ.

ಪರಿಶೀಲಿಸುವವರು ನೀವಲ್ಲವೇ, ಯಾಕೆ ಪ್ರಶ್ನಿಸಲಿಲ್ಲ?

"ಅಪ್ಪನನ್ನ ಮಣ್ಣು ಮಾಡಿ ಬಂದ ಮಗನನ್ನ ಕೂರಿಸಿಕೊಂಡು ಲೆಕ್ಕ ಕೇಳೋಕೆ ಮನಸ್ಸಾಗ್ಲಿಲ್ಲ. ಅದು ನನ್ನ ತಪ್ಪು."

ಅಧ್ಯಕ್ಷರು ಕನ್ನಡಕ ತೆಗೆದು, ನಿಮ್ಮ ಮನುಷ್ಯತ್ವ ನಮಗೆ ಅರ್ಥವಾಗುತ್ತದೆ ಎಂದರು. ನನಗೆ ಒಂದು ಪುಟದ ಎಚ್ಚರಿಕೆ ಪತ್ರ ಕೊಟ್ಟರು. ಅಪಿಯ ಎಂಜಿನಿಯರ್ ನೋಂದಣಿ ರದ್ದಾಯಿತು. ತೀರ್ಪು ಓದುವ ಮೊದಲು ಏನಾದರೂ ಹೇಳುವುದಿದೆಯೇ ಎಂದು ಅವನನ್ನು ಕೇಳಿದಾಗ ಅವನು ಎದ್ದು ನಿಂತು, ಸಮಿತಿಯ ಕಡೆಗಲ್ಲ, ಹಿಂದಿನ ಸಾಲಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಟೆಗನ್ ಕಡೆಗೆ ತಿರುಗಿದ. "ನಾನೇ ಮಾಡಿರ್ಬೇಕು. ನನ್ನ ಕೈ ಮಾಡಿದೆ, ನನಗೆ ಗೊತ್ತಾಗಿಲ್ಲ. ಅಪ್ಪ ತೀರಿಕೊಂಡಿದ್ದು ನೆಪ ಅಂತ ಹೇಳ್ತಿಲ್ಲ" ಎಂದ. ಆ ಹುಡುಗಿ, "ನೆಪ ಹೇಳು, ಬಿಡು. ನಿನ್ನ ಕೈ ನೆಟ್ಟಗಿದೆಯಲ್ಲ" ಎಂದಳು. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ನನ್ನನ್ನು ಅಪ್ಪಿಕೊಂಡ. ಗಾರ್ತ್ ಬೇರೆ ಬಾಗಿಲಿನಿಂದ ಹೋಗಿದ್ದ, ಕಚೇರಿಯವರು ಯಾರೂ ಬಂದಿರಲಿಲ್ಲ. "ನೀವೊಬ್ಬರಾದ್ರೂ ಬಂದ್ರಲ್ಲ ಆಂಟಿ" ಎಂದ. ನನ್ನ ಕೈಚೀಲ ಜಾರಿ ಬಿತ್ತು. ಅವನೇ ಬಗ್ಗಿ ಎತ್ತಿಕೊಟ್ಟ.

ಆಮೇಲಿನದು ನಿನಗೇ ಹೆಚ್ಚು ಗೊತ್ತು. ನಿಮ್ಮ ಸಾವುಸಾವು ಊರಿಗೆ ಬಂದು ನಿನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ, ದೋಣಿಗಳಿಗೆ ಬಣ್ಣ ಹೊಡೆಯುತ್ತಾನೆ, ಮೊದಲ ಮಹಡಿಗಿಂತ ಮೇಲೆ ಹತ್ತುವುದಿಲ್ಲ ಎಂದು ಬರೆದಿದ್ದೀಯ. ನಿನ್ನ ಶಾಲೆಗೆ ಎರಡು ಕೋಣೆಯ ನಕ್ಷೆ ಮಾಡಿಕೊಡು ಎಂದಾಗ, "ಚಿಕ್ಕಮ್ಮ, ಮಕ್ಕಳು ಕೂರೋ ಜಾಗ. ನನ್ನ ಕೈ ಏನು ಮಾಡುತ್ತೆ ಅಂತ ನನಗೇ ಗೊತ್ತಿಲ್ಲ" ಎಂದನಂತೆ. ಕ್ರಿಸ್‌ಮಸ್ಸಿಗೆ ಟೆಗನ್‌ಗೆ ಕಾಗದ ಬರೆಯುತ್ತಾನಂತೆ. ಅವಳು ಒಡೆಯದೆ ವಾಪಸು ಕಳಿಸುತ್ತಾಳಂತೆ. ಪ್ರತಿ ಹೊಸ ವರ್ಷಕ್ಕೆ ನನಗೂ ಒಂದು ಶುಭಾಶಯ ಬರುತ್ತದೆ. ಅದನ್ನು ನಾನು ಒಡೆಯುತ್ತೇನೆ. "ನಿಮಗೆ ನನ್ನಿಂದ ಕೆಟ್ಟ ಹೆಸರು ಬಂತು" ಎಂದು ಪ್ರತಿ ಸಲ ಬರೆದಿರುತ್ತಾನೆ.

ಗಾರ್ತ್‌ನ ಶವಸಂಸ್ಕಾರದಲ್ಲಿ ಜನ ಅವನನ್ನು ಬಹಳ ಹೊಗಳಿದರು. ನಾನು ಹಿಂದೆ ಕೂತು, ಬಾಗಿಲಲ್ಲಿ ನಿಂತು ಅವನು ಆಡಿದ ಆ ಎರಡು ಮಾತನ್ನು ನೆನೆಸಿಕೊಳ್ಳುತ್ತಿದ್ದೆ. ಒಬ್ಬ ಮನುಷ್ಯ ಎರಡು ಮಾತಿನಿಂದ ಇನ್ನೊಬ್ಬನ ಬಾಳು ಹಾಳುಮಾಡಿ, ಹೂವು ಹಾಕಿಸಿಕೊಂಡು ಹೋಗಬಹುದು. ಅವನಿಗೆ ನಾನು ಹೆದರಿದೆ, ಲಿತಿಯಾ. ಅಪಿಗೆ ನಾನು ಮಾಡಿದ್ದು ಆ ಹೆದರಿಕೆಯಿಂದ. ಇದು ನನ್ನನ್ನು ಬಿಡಿಸುವುದಿಲ್ಲ, ಆದರೂ ನೀನು ತಿಳಿದಿರಬೇಕು ಎಂದು ಬರೆದೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಮುತ್ತು. ಅಕ್ಕನಿಗೆ ನಮಸ್ಕಾರ ಹೇಳು. ದೇವರು ನಿಮ್ಮೆಲ್ಲರನ್ನೂ, ಮುಖ್ಯವಾಗಿ ಅವನನ್ನು, ಚೆನ್ನಾಗಿಟ್ಟಿರಲಿ. ಅವನನ್ನು ಹರಸುವ ಹಕ್ಕು ನನಗಿಲ್ಲ, ಆದರೂ ಹರಸುತ್ತೇನೆ.

ನಿನ್ನ,
ಮರ್ಲ್

ಮತ್ತೊಂದು ಮಾತು. ಸೋಮವಾರ.

ಲಕೋಟೆಗೆ ಅಂಟು ಹಾಕಿ ಅಂಚೆ ಕಚೇರಿಯವರೆಗೂ ಹೋಗಿದ್ದೆ. ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ವಾಪಸು ಬಂದೆ. ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ.

ಗಾರ್ತ್ ಆ ಸಂಜೆ ಬಾಗಿಲಲ್ಲಿ ಬಂದು ನಿಂತದ್ದು ನಿಜ. ಅವನು ಹೇಳಿದ್ದು ಮಾತ್ರ ನಾನು ಬರೆದದ್ದಲ್ಲ. ಅವನು ಹೇಳಿದ್ದು ಇದು: "ಆ ಹುಡುಗ ಹೇಳಿದ್ದೇ ಸರಿ ಅನ್ಸುತ್ತೆ ಮಾರಾಯ್ತಿ. ಸೋಮವಾರ ಮಾಲೀಕನಿಗೆ ನಾನೇ ಹೇಳ್ತೀನಿ, ಪಿಲ್ಲರ್ ದಪ್ಪ ಮಾಡೋಣ. ನಾಲ್ಕು ಕಾರು ಬೀದೀಲಿ ನಿಲ್ಲಲಿ. ತೆಂಗಿನಮರ ಅಂತ ಅಂದಿದ್ದಕ್ಕೆ ಅವನು ಬಂದ್ಮೇಲೆ ಕ್ಷಮೆ ಕೇಳ್ಬೇಕು."

ಅವನು ಹೋದ ಮೇಲೆ ನಾನು ಅಪಿಯ ಮೇಜಿಗೆ ಹೋಗಿ ಕೂತೆ. ಯಾರೂ ಹೇಳಿರಲಿಲ್ಲ. ಕೆಲಸ ಹೋಗುವ ಭಯ ಇರಲಿಲ್ಲ, ಮನೆಯ ಸಾಲ ಅದರ ಹಿಂದಿನ ವರ್ಷವೇ ತೀರಿತ್ತು. ಸೋಮವಾರ ಬೆಳಿಗ್ಗೆ ಗಾರ್ತ್‌ಗೆ ಇಪ್ಪತ್ನಾಲ್ಕು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. "ಅವನೇ ಇಳಿಸಿ ಹೋದ್ನಾ?" ಎಂದ. "ಹೌದು, ಹೆಚ್ಚಾಗಿ ಹಾಕಿದ್ದೆ ಅಂತ ಒಪ್ಕೊಂಡ" ಎಂದೆ. ಗಾರ್ತ್‌ನ ಮುಖ ಸಪ್ಪಗಾಯಿತು. "ಛೆ. ಇವನೊಬ್ಬನಿಗಾದ್ರೂ ಎದೆಗಾರಿಕೆ ಇದೆ ಅಂದ್ಕೊಂಡಿದ್ದೆ" ಎಂದು ಕಾಗದ ಮಡಚಿಟ್ಟ. ಅವನು ಸಾಯುವವರೆಗೂ ಹಾಗೇ ನಂಬಿದ್ದ. ಈಗ ಅವನೂ ಬಾಯಿ ಬಿಡಲಾರ ಎಂದು ಗೊತ್ತಾದ ಮೇಲೆಯೇ ನಾನು ನಿನಗೆ ಬರೆಯಲು ಕೂತದ್ದು.

ಯಾಕೆ ಎಂದು ಕೇಳುತ್ತೀಯ. ಆರು ಜನರ ಮುಂದೆ ಅವನು ಸರಿ, ನಾನು ತಪ್ಪು. ಅವನು ಜೋರಾಗಿ, ಜಂಬದಿಂದ ಹೇಳಿದ್ದರೆ ನಾನು ಜಗಳವಾಡಿ ಮರೆತುಬಿಡುತ್ತಿದ್ದೆ. ಮೆತ್ತಗೆ ಹೇಳಿ, ಆಮೇಲೆ ಬಂದು ಕ್ಷಮೆ ಬೇರೆ ಕೇಳಿದ. ಎಂಟು ದಿನ ಅವನು ಪಕ್ಕದಲ್ಲಿ ಕೂತು ಕೆಲಸ ಮಾಡುವುದನ್ನು ನೋಡಿದೆ. ಒಂಬತ್ತನೇ ದಿನ ಅವನಪ್ಪ ಸತ್ತರು, ಮೇಜು ಖಾಲಿಯಾಯಿತು.

ನೀನು ಕೇಳಿದ್ದಕ್ಕೆ ಉತ್ತರ, ಇಲ್ಲ. ಅವನು ಅಂಥ ತಪ್ಪು ಮಾಡುವವನಲ್ಲ. ಅವನು ಮಾಡಿಲ್ಲ.

ಇದನ್ನು ಸಮಿತಿಗೆ ಕಳಿಸುವುದಾದರೆ ಅವರಿಗೆ ಬೇಕಾಗುತ್ತದೆ ಎಂದು ಕೆಳಗೆ ಪೂರ್ತಿ ಹೆಸರು ಬರೆದಿದ್ದೇನೆ. ಅವನಿಗೆ ನೀನೇ ಓದಿ ಹೇಳು. ಹೇಳುವಾಗ, ಮರ್ಲ್ ಆಂಟಿ ಅಳುತ್ತಾ ಬರೆದಿದ್ದಾಳೆ ಎಂದು ಮಾತ್ರ ಸೇರಿಸಬೇಡ. ನಾನು ಅಳಲಿಲ್ಲ.

ಮರ್ಲ್ ಆಗ್ನೆಸ್ ಪಾಸ್ಕೋ